ಹಿಂದಕ್ಕೆ ಬರುವ ಪಾದ

ಪುಟ್ಟೇನಹಳ್ಳಿ ಕೆರೆ, ಬೆಳಗ್ಗೆ

ನಾಮದಕೋಳಿ ನೀರಿನಲ್ಲಿರುವಷ್ಟು ಹೊತ್ತು ಅದರ ಕಾಲು ಕಾಣುವುದಿಲ್ಲ. ಕಪ್ಪು ಮೈ, ಹಣೆಯ ಬಿಳಿ ನಾಮ, ಹಿಂದೆ ಅಗಲವಾಗುತ್ತ ಹೋಗುವ ಅಲೆ, ಕಾಣುವುದು ಇಷ್ಟೇ. ಕಾಲು ನೋಡಬೇಕಾದರೆ ಅದು ದಡ ಹತ್ತುವ ತನಕ ಕಾಯಬೇಕು. ಜೆ.ಪಿ. ನಗರ 7ನೇ ಹಂತದ ಈ ಕೆರೆ ಅಂಥ ಕಾಯುವಿಕೆಗೆ ಒಳ್ಳೆಯ ಜಾಗ. ಸುಮಾರು 13 ಎಕರೆಯ ಈ ನೀರನ್ನು ಉಳಿಸಿಕೊಳ್ಳಲು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು. ವಾಕಿಂಗ್ ದಾರಿ ನೀರಿನ ಪಕ್ಕದಲ್ಲೇ ಸಾಗುತ್ತದೆ. ಹಕ್ಕಿಗಳಿಗೆ ಮನುಷ್ಯರ ಓಡಾಟ ರೂಢಿಯಾಗಿದೆ.

ದಡಕ್ಕೆ ಬಂದ ನಾಮದಕೋಳಿಯ ಬೆರಳುಗಳು ಬಾತುಕೋಳಿಯ ಬೆರಳುಗಳಂತಲ್ಲ. ಬೆರಳಿನಿಂದ ಬೆರಳಿಗೆ ಹಬ್ಬಿದ ಒಂದೇ ಚರ್ಮದ ಪರದೆ ಇಲ್ಲಿಲ್ಲ. ಪ್ರತಿ ಬೆರಳಿಗೂ ಅದರದೇ ಎಲೆಯಂಥ ಅಂಚುಗಳು, ಗೆಣ್ಣಿಗೆ ಒಂದೊಂದರಂತೆ. ಹಕ್ಕಿ ಕಾಲೆತ್ತಿದಾಗ ಆ ಎಲೆಗಳು ಬೆರಳಿಗಂಟಿ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕಾಲೂರಿದಾಗ ಮತ್ತೆ ಹರಡುತ್ತವೆ. ಎತ್ತು, ಮಡಚು, ಊರು, ಹರಡು. ಕೆಸರಿನ ಮೇಲೆ ನಿಧಾನವಾಗಿ ಕಾಣುವ ಇದೇ ಆಟ ನೀರಿನೊಳಗೆ ವೇಗವಾಗಿ ನಡೆಯುತ್ತದೆ. ನೀರನ್ನು ಹಿಂದಕ್ಕೆ ನೂಕುವಾಗ ಪಾದ ಅಗಲ, ಪಾದ ಮುಂದಕ್ಕೆ ಬರುವಾಗ ಕಿರಿದು.

ತಳ್ಳಲು ಅಗಲವಾದ ಪಾದ ಸಾಕು ಎಂದು ಯಾರಿಗಾದರೂ ಹೊಳೆಯುತ್ತದೆ. ತಳ್ಳಿದ ಪಾದವನ್ನು ಮರಳಿ ತರುವುದು ಹೇಗೆ ಎಂಬುದೇ ನಿಜವಾದ ಸಮಸ್ಯೆ. ಅದೇ ಅಗಲದಲ್ಲಿ ಮುಂದಕ್ಕೆ ತಂದರೆ ಗಳಿಸಿದ್ದೆಲ್ಲ ಅಲ್ಲೇ ಖರ್ಚಾಗಿಹೋಗುತ್ತದೆ.

ಸಾರಕ್ಕಿ, ಮಡಿವಾಳ

ಈ ಸಮಸ್ಯೆಗೆ ಒಂದೊಂದು ಹಕ್ಕಿಯದು ಒಂದೊಂದು ಉತ್ತರ. 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಾಗಿ ಸುದ್ದಿಯಾದ ಸಾರಕ್ಕಿ ಕೆರೆಯಲ್ಲಿ ಗುಳುಮುಳುಕ ಮುಳುಗುವುದನ್ನು ನೋಡಿ. ಸದ್ದಿಲ್ಲದೆ ಮಾಯವಾಗಿ, ನಾವು ನೆನೆಸದ ಕಡೆ ಏಳುತ್ತದೆ. ಅದರ ಕಾಲು ದೇಹದ ತೀರಾ ಹಿಂಭಾಗದಲ್ಲಿದೆ. ಅದಕ್ಕೇ ನೆಲದ ಮೇಲೆ ಅದರ ನಡಿಗೆ ನೋಡಲಾಗದು. ಅದರ ಬೆರಳುಗಳಿಗೂ ಎಲೆಯಂಥ ಅಂಚುಗಳಿವೆ. ಜೊತೆಗೆ ಕಣಕಾಲೇ ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿದೆ, ಮುಂದಕ್ಕೆ ಬರುವಾಗ ನೀರನ್ನು ಸೀಳಿಕೊಂಡು ಬರಲು.

ಬಿ.ಟಿ.ಎಂ. ಲೇಔಟಿನ ಮಗ್ಗುಲಿನ ಮಡಿವಾಳ ಕೆರೆಯಲ್ಲಿ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆಯ ಪಾದ ಇನ್ನೊಂದು ಬಗೆ. ಬಾತಿಗೆ ಮುಂದಿನ ಮೂರು ಬೆರಳುಗಳ ನಡುವೆ ಮಾತ್ರ ಪರದೆ. ನೀರುಕಾಗೆಗೆ, ಹೆಜ್ಜಾರ್ಲೆಗೆ ಹಿಂಬೆರಳೂ ಸೇರಿ ನಾಲ್ಕಕ್ಕೂ ಪರದೆ. ಮುಳುಗಿದ ಮೇಲೆ ನೀರುಕಾಗೆ ಎರಡೂ ಕಾಲುಗಳನ್ನು ಒಟ್ಟಿಗೆ ಒದೆಯುತ್ತದೆ. ಮೇಲೆ ತೇಲುವ ಬಾತು ಒಂದಾದ ಮೇಲೊಂದು ಒದೆಯುತ್ತದೆ. ದೊಡ್ಡ ಪರದೆ ಮೀನು ಹಿಂಬಾಲಿಸುವ ಬದುಕಿಗೆ, ಬೆರಳಿನ ಎಲೆಗಳು ನೀರು, ಕೆಸರು, ಹುಲ್ಲು ಮೂರರಲ್ಲೂ ಓಡಾಡುವ ಬದುಕಿಗೆ. ಜೊಂಡಿನ ನಡುವೆ ಅಡ್ಡಾಡುವ ನೇರಳೆ ಜಂಬುಕೋಳಿಗೆ ಪರದೆಯೂ ಇಲ್ಲ, ಎಲೆಗಳೂ ಇಲ್ಲ, ಬರೀ ಉದ್ದ ಬೆರಳು. ಆದರೂ ಬೇಕಾದಾಗ ಅದು ಈಜುತ್ತದೆ.

ಜಯನಗರ, ಈಜುಕೊಳದ ಕಟ್ಟೆ

ಈಜುಕೊಳದ ಕಟ್ಟೆಯ ಮೇಲೂ ಹೀಗೆಯೇ ಕಾಲುಗಳನ್ನು ನೋಡುತ್ತ ಕೂರಬಹುದು. ಮನುಷ್ಯ ಈ ವಿದ್ಯೆಗೆ ತಡವಾಗಿ ಬಂದವನು. ಫ್ರಾನ್ಸಿನ ಲೂಯಿ ದ ಕಾರ್ಲ್ಯೂ ಕಾಲಿಗೆ ಕಟ್ಟುವ ರಬ್ಬರ್ ರೆಕ್ಕೆಗೆ ಪೇಟೆಂಟ್ ಪಡೆದದ್ದು 1933ರಲ್ಲಿ. ಅಮೆರಿಕದ ಓವನ್ ಚರ್ಚಿಲ್ ಅದನ್ನು ತಿದ್ದಿ ಮಾರಾಟಕ್ಕಿಟ್ಟದ್ದು 1940ರಲ್ಲಿ. ಈಗ ಸಂಜೆಯ ಬ್ಯಾಚಿನಲ್ಲಿ ಕಿಕ್ ಬೋರ್ಡ್ ಹಿಡಿದವರ ಪಕ್ಕ ಬಣ್ಣಬಣ್ಣದ ಫಿನ್ಸ್ ಬಿದ್ದಿರುತ್ತವೆ.

ಹೊಸಬರ ಲಕ್ಷಣ ದೂರದಿಂದಲೇ ತಿಳಿಯುತ್ತದೆ. ಮಂಡಿ ಸೈಕಲ್ ತುಳಿದಂತೆ ಮಡಚುತ್ತದೆ, ಪಾದ ನೀರಿನಿಂದ ಮೇಲೆದ್ದು ಪಟಪಟ ಬಡಿಯುತ್ತದೆ, ಬಿಳಿ ನೊರೆ ಏಳುತ್ತದೆ, ದೇಹ ಮಾತ್ರ ಇದ್ದಲ್ಲೇ ಇರುತ್ತದೆ. ಪಳಗಿದವರ ಹಿಂದೆ ನೊರೆ ಕಡಿಮೆ. ಹಿಮ್ಮಡಿ ನೀರಿನ ಮಟ್ಟಕ್ಕೆ ಬಂದು ಹೋಗುವ ಕಡೆ ಗುಳುಗುಳು ಎನ್ನುವ ಉಬ್ಬು ಮಾತ್ರ. ಅವರ ಒದೆತ ಸೊಂಟದಿಂದ ಹೊರಡುತ್ತದೆ.

ಫಿನ್ಸ್ ಹಾಕಿದವರಲ್ಲಿ ಗಮನಿಸಬೇಕಾದದ್ದು ಕಾಲು ಮೇಲಕ್ಕೆ ಬರುವ ಗಳಿಗೆಯನ್ನು. ಫ್ರೀಸ್ಟೈಲಿನಲ್ಲಿ ಕೆಳಗಿನ ಒದೆತಕ್ಕೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಇದೆ. ಮೇಲಕ್ಕೆತ್ತುವ ಕೆಲಸ ಪೃಷ್ಠಕ್ಕೂ ತೊಡೆಯ ಹಿಂಭಾಗಕ್ಕೂ ಬೀಳುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಅವು ಮೊದಲೇ ಸೊರಗಿರುತ್ತವೆ. ಉದ್ದನೆಯ, ಗಡುಸಾದ ಫಿನ್ಸ್ ಹಾಕಿದವರ ಕಾಲು ಕೆಳಕ್ಕೆ ಜೋರಾಗಿ ಇಳಿದು, ಏಳುವಾಗ ತಡವರಿಸುತ್ತದೆ. ಒಂದೆರಡು ಲ್ಯಾಪ್ ಕಳೆಯುವಷ್ಟರಲ್ಲಿ ಕಟ್ಟೆ ಹಿಡಿದು ಮೀನಖಂಡ ಉಜ್ಜಿಕೊಳ್ಳುತ್ತಾರೆ. ನಾಮದಕೋಳಿ ಮಡಚುವಲ್ಲಿ ಇವರ ರಬ್ಬರ್ ಮಡಚುವುದಿಲ್ಲ. ಮಡಚಲಾಗದ ಪಾದಕ್ಕೆ ಉಳಿದಿರುವ ದಾರಿ ಎರಡೇ: ಗಿಡ್ಡವಾಗಿರಬೇಕು, ಬಾಗಬೇಕು.

ಕಟ್ಟೆಯ ಮೇಲೆ ಕೇಳಿದ ಮಾತು:

“ಸರ್, ಉದ್ದಂದು ತಗೊಂಡ್ರೆ ಇನ್ನೂ ಫಾಸ್ಟ್ ಆಗ್ತೀನಲ್ವಾ?”

“ಫಿನ್ಸ್ ಫಾಸ್ಟ್ ಆಗುತ್ತೆ ಮೇಡಂ, ನೀವಾಗಲ್ಲ.”

ಕೋಚ್ ಹೇಳಿದ್ದರಲ್ಲಿ ಇಡೀ ವಿಷಯವಿದೆ. ಉದ್ದ ಅಲಗು ಸಮುದ್ರದಲ್ಲಿ ಮುಳುಗುವವರಿಗೆ. ಅವರ ಒದೆತ ನಿಧಾನ, ದೂರ ಹೆಚ್ಚು. ಕೊಳದಲ್ಲಿ ಅಭ್ಯಾಸ ಮಾಡುವವರಿಗೆ ಬೇಕಾದದ್ದು ಬರಿಗಾಲಿನ ಒದೆತದ ತಾಳವನ್ನು ಕೆಡಿಸದ ಗಿಡ್ಡ ಅಲಗು. ಸ್ಪರ್ಧೆಯಲ್ಲಂತೂ ಫಿನ್ಸ್‌ಗೆ ಅವಕಾಶವೇ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದರು. ಆ ಸ್ಪರ್ಧೆಯಲ್ಲಿ ಗೋಡೆ ಒದ್ದ ಮೇಲೆ ನೀರಿನೊಳಗೆ 15 ಮೀಟರ್ ತನಕ ಸಾಗಬಹುದು. ಎರಡೂ ಕಾಲು ಕೂಡಿಸಿ ನೀರುಕಾಗೆಯ ಹಾಗೆ ಒದೆಯುವ ಆ ಡಾಲ್ಫಿನ್ ಕಿಕ್ ಬರಿಗಾಲಿನದೇ. ಫಿನ್ಸ್ ಅದನ್ನು ಕಲಿಯುವಾಗಿನ ಸಾಧನ.

ಕಪ್ಪೆ ಈಜು, ಅಂದರೆ ಬ್ರೆಸ್ಟ್‌ಸ್ಟ್ರೋಕ್‌ಗೆ ಈ ಫಿನ್ಸ್ ಒಗ್ಗುವುದಿಲ್ಲ. ಅಲ್ಲಿ ಪಾದ ಹೊರಕ್ಕೆ ತಿರುಗಿ ಅಂಗಾಲಿನ ಒಳಬದಿಯಿಂದ ನೀರು ತಳ್ಳಬೇಕು. ಅಲಗು ಆ ತಿರುವಿಗೇ ಅಡ್ಡ ಬರುತ್ತದೆ, ಮಂಡಿಗೂ ಹೊರೆ.

ಅಂಗಡಿಯ ಬೆಂಚು

ಬನ್ನೇರುಘಟ್ಟ ರಸ್ತೆಯ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಫಿನ್ಸ್‌ಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಎಲ್ಲರೂ ಮೊದಲು ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ. ಆ ತೂಕವನ್ನು ನೀರು ಬಹುಪಾಲು ಹೊತ್ತುಕೊಳ್ಳುತ್ತದೆ. ಹೊತ್ತುಕೊಳ್ಳದ್ದು ಇನ್ನೊಂದಿದೆ. ಪ್ರತಿ ಒದೆತದಲ್ಲೂ ಕಾಲು ಎರಡು ಸಲ ದಿಕ್ಕು ಬದಲಿಸುತ್ತದೆ. ಹೋಗುತ್ತಿರುವ ಭಾರವನ್ನು ನಿಲ್ಲಿಸಿ ತಿರುಗಿಸುವ ಶ್ರಮ ನೀರಿನೊಳಗೂ ತಪ್ಪುವುದಿಲ್ಲ. ಉದ್ದ ಅಲಗಾದರೆ ತನ್ನ ಜೊತೆಗೆ ಒಂದಿಷ್ಟು ನೀರನ್ನೂ ಎಳೆದಾಡುತ್ತದೆ. ಹಗುರವಾದದ್ದು ಬೇಕು ಎನ್ನಲು ಕಾರಣ ಇದು. ಹೊರೆ ಬೀಳುವುದು ಪಾದದ ಕೀಲಿಗೆ.

ಪದಾರ್ಥವನ್ನು ಮುಟ್ಟಿ ತಿಳಿಯಬಹುದು. ರಬ್ಬರ್ ಭಾರ, ಆದರೆ ಬಾಳಿಕೆ ಬರುತ್ತದೆ. ಸಿಲಿಕೋನ್ ಚರ್ಮಕ್ಕೆ ಮೃದು, ಬೆಲೆ ಸ್ವಲ್ಪ ಮೇಲೆ. ಫೋಮ್‌ನಂಥ ಇ.ವಿ.ಎ. ತೀರಾ ಹಗುರ, ನೀರಿನಲ್ಲಿ ತೇಲುತ್ತದೆ. ಕಾಲು ಕೆಳಗಿಳಿದುಹೋಗುವ ಹೊಸಬರಿಗೆ ಅದು ನೆರವು. ಈಗಾಗಲೇ ಕಾಲು ಮೇಲೆ ತೇಲುವವರಿಗೆ ಅದೇ ಕಿರಿಕಿರಿ, ಹಿಮ್ಮಡಿ ಗಾಳಿಯಲ್ಲಿ ಬಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಬೆರಳ ಬುಡ ತರಚುತ್ತದೆ.

ಅಲಗಿನ ತುದಿ ಹಿಡಿದು ಬಗ್ಗಿಸಿ ನೋಡಿ. ಬುಡದಿಂದ ತುದಿಯವರೆಗೆ ಒಂದೇ ಸಮನೆ ಬಾಗಬೇಕು, ಬಿಟ್ಟೊಡನೆ ನೆಟ್ಟಗಾಗಬೇಕು. ತುದಿಯಷ್ಟೇ ಬಾಗಿದರೆ ಉಳಿದದ್ದೆಲ್ಲ ಹಲಗೆ. ಬುಡದಲ್ಲೇ ಮುರಿದಂತೆ ಬಾಗಿದರೆ ತಳ್ಳುವ ಕಸುವಿಲ್ಲ.

ಅಳತೆಯಲ್ಲಿ ಮೋಸಹೋಗುವುದು ಸುಲಭ. ನಮ್ಮ ಚಪ್ಪಲಿ ಅಂಗಡಿಯ 7, ಯುರೋಪಿನ ಲೆಕ್ಕದ 41ಕ್ಕೆ ಹತ್ತಿರ. ಫಿನ್ಸ್ ಮೇಲೆ ಸಾಮಾನ್ಯವಾಗಿ ಎರಡನೆಯದು, ಅದೂ ಎರಡು ಅಳತೆ ಸೇರಿಸಿ ಬರೆದಿರುತ್ತದೆ. ಕಂಪನಿಯಿಂದ ಕಂಪನಿಗೂ ವ್ಯತ್ಯಾಸ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಸಂಜೆ ಈಜುವವರು ಸಂಜೆಯೇ ಹೋಗಿ ನೋಡುವುದು ಮೇಲು. ಹಾಕಿಕೊಂಡು ಬೆಂಚಿನ ಮೇಲೆ ಕುಳಿತು ಕಾಲು ಚಾಚಿ, ಬೆರಳು ಮುಂದೊತ್ತಿ, ಪಾದವನ್ನು ಜೋರಾಗಿ ಅಲ್ಲಾಡಿಸಬೇಕು. ಹಿಮ್ಮಡಿ ಜಾರಿದರೆ ದೊಡ್ಡದು. ಬೆರಳು ಮುದುಡಿಕೊಂಡರೆ ಚಿಕ್ಕದು. ಸಡಿಲವಾದದ್ದು ನೀರು ತುಂಬಿಕೊಂಡು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ, ಬಿಗಿಯಾದದ್ದು ಅಂಗಾಲು ಸೆಳೆಸುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಬಗೆ ಬೆಳೆಯುವ ಮಕ್ಕಳಿಗೆ ಅನುಕೂಲ, ಪಟ್ಟಿ ಎಳೆದು ಸರಿಮಾಡಬಹುದು. ದೊಡ್ಡವರ ದಿನನಿತ್ಯದ ಅಭ್ಯಾಸಕ್ಕೆ ಹಿಮ್ಮಡಿಯನ್ನೂ ಹಿಡಿದುಕೊಳ್ಳುವ ಪೂರ್ತಿ ಪಾದದ ಚೀಲವೇ ಹಿತ.

ಮತ್ತೆ ನೀರಿನಲ್ಲಿ

ಕಟ್ಟೆಯ ಮೇಲೆ ಫಿನ್ಸ್ ಹಾಕಿಕೊಂಡು ಮುಂದಕ್ಕೆ ನಡೆದವರು ಮುಗ್ಗರಿಸುತ್ತಾರೆ. ನೀರಿನ ಅಂಚಿನಲ್ಲಿ ಕುಳಿತು, ಫಿನ್ಸ್ ಒದ್ದೆಮಾಡಿ, ಹಿಮ್ಮಡಿಯ ಭಾಗವನ್ನು ಹಿಂದಕ್ಕೆ ಮಡಚಿ ಪಾದ ತೂರಿಸಿದರೆ ಚರ್ಮ ಎಳೆಯುವುದಿಲ್ಲ. ನಡೆಯಲೇಬೇಕಾದರೆ ಹಿಮ್ಮುಖವಾಗಿ.

ಓಟಗಾರರ, ಸೈಕಲ್ ತುಳಿಯುವವರ ಪಾದದ ಕೀಲು ಹಲವು ಸಲ ಗಡುಸಾಗಿರುತ್ತದೆ. ಬೆರಳು ನೀಳವಾಗಿ ಹಿಂದಕ್ಕೆ ಚಾಚಿಕೊಳ್ಳುವುದಿಲ್ಲ, ಪಾದ ನೀರಿಗೆ ಅಡ್ಡ ನಿಲ್ಲುತ್ತದೆ. ಹಗುರ ಫಿನ್ಸ್ ಆ ಕೀಲನ್ನು ಒದೆತಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಬಿಡಿಸುತ್ತದೆ. ಮನೆಯಲ್ಲಿ ವಜ್ರಾಸನ ಹಾಕಿ ಕೂರುವುದೂ ಇದೇ ದಿಕ್ಕಿನ ಚಾಚುವಿಕೆ. ಕೀಲಿನಲ್ಲಿ ಹಳೆಯ ಪೆಟ್ಟು, ನೋವು ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಫಿನ್ಸ್ ಹಾಕಬೇಕು. ಈಜಾದ ಮೇಲೆ ಕ್ಲೋರಿನ್ ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಚಪ್ಪಟೆಯಾಗಿ ಒಣಗಿಸಬೇಕು. ಮಡಚಿ ಚೀಲಕ್ಕೆ ತುರುಕಿದರೆ ಅಲಗು ಸೊಟ್ಟಗಾಗುತ್ತದೆ.

ಕೊಂಡದ್ದು ಸರಿಯೋ ತಪ್ಪೋ ಎಂಬುದು ಫಿನ್ಸ್ ಹಾಕಿದ ಲ್ಯಾಪಿನಲ್ಲಿ ಗೊತ್ತಾಗುವುದಿಲ್ಲ. ಆಗ ಎಲ್ಲರೂ ವೇಗವಾಗಿಯೇ ಹೋಗುತ್ತಾರೆ. ಅವನ್ನು ಕಳಚಿ ಕಟ್ಟೆಗೆಸೆದು ತಕ್ಷಣ ಈಜುವ ಮುಂದಿನ ಲ್ಯಾಪನ್ನು ನೋಡಬೇಕು. ಬರಿಗಾಲು ಅದೇ ತಾಳದಲ್ಲಿ, ಸೊಂಟದಿಂದಲೇ ಒದೆಯುತ್ತಿದ್ದರೆ ಆ ಫಿನ್ಸ್ ಕಲಿಸಿದೆ. ಕಾಲು ದಿಕ್ಕು ತಪ್ಪಿ ಸೋತುಹೋದರೆ ಅದು ಎಳೆದೊಯ್ದಿತ್ತಷ್ಟೆ, ಒಂದು ಅಳತೆ ಗಿಡ್ಡ ಅಲಗಿಗೆ ಇಳಿಯಬೇಕು.