ನಿಮಗಿದು ಗೊತ್ತೆ? ವಾತಾಪಿ ಗೆದ್ದವನೇ ಸಿರಿಯಾಳ!

ಇಂದಿನ ಬಾದಾಮಿಯೇ ಅಂದಿನ ವಾತಾಪಿ. ಅದನ್ನು ಕ್ರಿ.ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಗೆದ್ದುಕೊಂಡ. ಆ ಯುದ್ಧವೇ ಕಲ್ಕಿ ಕೃಷ್ಣಮೂರ್ತಿಯವರ ತಮಿಳು ಕಾದಂಬರಿ ‘ಶಿವಗಾಮಿಯಿನ್ ಶಪಥಂ’ನ ವಸ್ತು. ಆ ಕಾದಂಬರಿ 1944ರಿಂದ ‘ಕಲ್ಕಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಮ್ಮ ಇಮ್ಮಡಿ ಪುಲಕೇಶಿ ಅಲ್ಲಿ ಎದುರಾಳಿ! ಕನ್ನಡಿಗರಿಗೆ ತುಸು ಕಸಿವಿಸಿಯೇ. ಆದರೆ ಕಾದಂಬರಿ ಬರೀ ಗೆಲುವಿನ ಕಥೆಯಲ್ಲ. ನರ್ತಕಿ ಶಿವಗಾಮಿಯ ಸೇಡು ತೀರುತ್ತದೆ, ಪ್ರೀತಿ ಮಾತ್ರ ದಕ್ಕುವುದಿಲ್ಲ. ವಾತಾಪಿ ಗೆದ್ದ ಪಲ್ಲವರ ಸೇನಾಪತಿ ಪರಂಜ್ಯೋತಿ ಕತ್ತಿ ಕೆಳಗಿಟ್ಟು ಶಿವಭಕ್ತನಾಗುತ್ತಾನೆ. ಇದು ಕಲ್ಕಿಯವರ ಕಲ್ಪನೆಯಲ್ಲ, ‘ಪೆರಿಯ ಪುರಾಣ’ದಲ್ಲೇ ಇದೆ. ಅಲ್ಲಿ ಆತನ ಹೆಸರು ಸಿರುತ್ತೊಂಡರ್. ನಮ್ಮ ವಚನಕಾರರೂ ಹರಿಹರನೂ ಕೊಂಡಾಡಿದ ಕಂಚಿಯ ಸಿರಿಯಾಳ ಸೆಟ್ಟಿ ಈತನೇ. ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯೊಂದರ ಮೇಲೆ ಇಂದಿಗೂ ಇದೆ.