ನಿಮಗಿದು ಗೊತ್ತೇ? ಟರ್ಮಿನಲ್ ಮುಂದೆ ಕೂತವರ ಒಂದು ದಿನ

ಯಾವುದೋ ಆ್ಯಪ್ ನಿಮ್ಮ ರಸೀದಿಯ ಮೇಲೆ ‘1970 ಜನವರಿ 1, ಬೆಳಗ್ಗೆ 5.30’ ಎಂದು ತೋರಿಸಿದ್ದನ್ನು ಎಂದಾದರೂ ಕಂಡಿದ್ದೀರಾ? ಅದು ಬಾಯಿಗೆ ಬಂದ ತಾರೀಕಲ್ಲ. ಯುನಿಕ್ಸ್ ವಂಶದ ಯಂತ್ರಗಳೆಲ್ಲ, ಅಂದರೆ ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಸರ್ವರ್ ಎಲ್ಲವೂ, ಕಾಲವನ್ನು ಎಣಿಸುವುದು ಆ ಕ್ಷಣದಿಂದ, ಬರೀ ಸೆಕೆಂಡುಗಳ ಲೆಕ್ಕದಲ್ಲಿ. ಗ್ರೀನಿಚ್ ಕಾಲಮಾನದಲ್ಲಿ ಆಗ ನಡುರಾತ್ರಿ, ನಮ್ಮಲ್ಲಿ ಹಾಲಿನವನು ಬರುವ ಹೊತ್ತು. ಲೆಕ್ಕ ಸಿಗದೆ ಸೊನ್ನೆ ಉಳಿದರೆ ಯಂತ್ರ ತೋರಿಸುವುದು ಅದನ್ನೇ.

ಈ ಎಣಿಕೆಗೆ ಹಳೆಯ ತಂತ್ರಾಂಶಗಳು 32 ಬಿಟ್‌ನಷ್ಟೇ ಜಾಗ ಇಟ್ಟಿವೆ. ಅದರಲ್ಲಿ ಹಿಡಿಸುವುದು 214 ಕೋಟಿ 74 ಲಕ್ಷ 83 ಸಾವಿರದ 647 ಸೆಕೆಂಡುಗಳು ಮಾತ್ರ. 2038ರ ಜನವರಿ 19ರ ಮಂಗಳವಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗ ತುಂಬುತ್ತದೆ. ಮರುಕ್ಷಣ ಅಂಥ ಯಂತ್ರ 1901ರ ಡಿಸೆಂಬರ್‌ಗೆ ಜಿಗಿಯುತ್ತದೆ. ಹೊಸ ಲ್ಯಾಪ್‌ಟಾಪ್ ಇದ್ದವರು ಹೆದರಬೇಕಿಲ್ಲ. ಗೋಡೆಯೊಳಗೆ, ಯಂತ್ರದೊಳಗೆ ಹುದುಗಿ ಕೂತ ಹಳೆಯ ಪುಟ್ಟ ಚಿಪ್‌ಗಳನ್ನು ನೋಡಿಕೊಳ್ಳುವವರು ಹೆದರಬೇಕು.

ಬೆಂಗಳೂರಿನಲ್ಲಿ ಕೂತು ಲಿನಕ್ಸ್ ಹಾಕಿಕೊಳ್ಳುವವರೂ ತಮ್ಮ ಕಾಲವಲಯಕ್ಕೆ ಆರಿಸಬೇಕಾದ್ದು ‘ಏಷ್ಯಾ/ಕೋಲ್ಕತಾ’. ಆ ಹೆಸರಿರುವ, ಜಗತ್ತಿನ ಎಷ್ಟೋ ಕಂಪ್ಯೂಟರುಗಳು ನೆಚ್ಚಿರುವ ಕಾಲವಲಯಗಳ ಪಟ್ಟಿಯನ್ನು ಬೆರಳೆಣಿಕೆಯ ಸ್ವಯಂಸೇವಕರು ನೋಡಿಕೊಳ್ಳುತ್ತ ಬಂದಿದ್ದಾರೆ. ಅದನ್ನು ಆರಂಭಿಸಿದವರು ಆರ್ಥರ್ ಡೇವಿಡ್ ಓಲ್ಸನ್. 2011ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿದವರು ಯಾರು ಗೊತ್ತೇ? ಜ್ಯೋತಿಷ ತಂತ್ರಾಂಶ ಮಾರುವ ಅಮೆರಿಕದ ಒಂದು ಕಂಪನಿ! ಜಾತಕ ಬರೆಯಲು ಹಳೆಯ ಕಾಲಮಾನಗಳು ಬೇಕಲ್ಲ, ಆ ಮಾಹಿತಿ ನಮ್ಮದು ಎಂದಿತು. ಮರುವರ್ಷ ಕ್ಷಮೆ ಕೇಳಿ ಹಿಂದೆ ಸರಿಯಿತು. ತನ್ನ ಮೊಕದ್ದಮೆಯ ಗ್ರಹಗತಿಯನ್ನು ಆ ಕಂಪನಿ ಮೊದಲೇ ನೋಡಿಕೊಳ್ಳಬಹುದಿತ್ತು.

ಇನ್ನು ಕಾಫಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಇದ್ದದ್ದು ಒಂದು ಕೋಣೆಯಲ್ಲಿ, ಕುಡಿಯುವವರು ಇದ್ದದ್ದು ಬೇರೆ ಬೇರೆ ಮಹಡಿಗಳಲ್ಲಿ. ಇಳಿದು ಬಂದರೆ ಪಾತ್ರೆ ಖಾಲಿ. 1991ರಲ್ಲಿ ಅವರು ಪಾತ್ರೆಯ ಕಡೆಗೊಂದು ಕ್ಯಾಮೆರಾ ತಿರುಗಿಸಿಟ್ಟು, ಚಿತ್ರ ತಮ್ಮ ತೆರೆಯ ಮೇಲೆ ಬರುವಂತೆ ಮಾಡಿಕೊಂಡರು. 1993ರಲ್ಲಿ ಅದು ವೆಬ್‌ಗೆ ಬಂತು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದು ಹೀಗೆ, ಮೆಟ್ಟಿಲು ಇಳಿಯುವ ಸೋಮಾರಿತನದಿಂದ. 2001ರಲ್ಲಿ ಕ್ಯಾಮೆರಾ ಆರಿಸಿದ ಮೇಲೆ ಆ ಹಾಳು ಪಾತ್ರೆ ಹರಾಜಿನಲ್ಲಿ 3,350 ಪೌಂಡ್‌ಗೆ ಹೋಯಿತು. ಕೊಂಡದ್ದು ಜರ್ಮನಿಯ ‘ಡೆರ್ ಸ್ಪೀಗಲ್’ ಪತ್ರಿಕೆಯ ಅಂತರಜಾಲ ವಿಭಾಗ.

ವೆಬ್‌ನಲ್ಲಿ ‘404’ ಎಲ್ಲರಿಗೂ ಗೊತ್ತು. ‘418’ ಗೊತ್ತೇ? ‘ನಾನು ಟೀ ಪಾಟ್, ಕಾಫಿ ಮಾಡಲಾರೆ’ ಎಂಬುದು ಅದರ ಅರ್ಥ. 1998ರ ಏಪ್ರಿಲ್ 1ರಂದು ಪ್ರಕಟವಾದ ತಮಾಷೆಯ ಮಾನದಂಡವದು. 2017ರಲ್ಲಿ ಅದನ್ನು ತೆಗೆದುಹಾಕುವ ಮಾತು ಬಂದಾಗ ಪ್ರೋಗ್ರಾಮರುಗಳು ದಂಗೆ ಎದ್ದರು. ಸಂಖ್ಯೆ ಉಳಿಯಿತು.

ಈಗ ಪಠ್ಯ ತಿದ್ದುವ ಎಡಿಟರ್ ತಂತ್ರಾಂಶಗಳಿಗೆ ಬರೋಣ. ಇಲ್ಲಿ ಜಗಳ ಜಾಸ್ತಿ. ‘ವಿಐ’ ಬಳಸುವವರು ಕರ್ಸರ್ ಸರಿಸಲು ಬಾಣದ ಕೀಲಿಗಳನ್ನು ಮುಟ್ಟುವುದಿಲ್ಲ. ಎಚ್, ಜೆ, ಕೆ, ಎಲ್ ಒತ್ತುತ್ತಾರೆ. ಬೆರಳಿನ ಅಂಗರಚನೆ ಓದಿ ಯಾರೋ ಪಂಡಿತರು ಆರಿಸಿದ ಕೀಲಿಗಳು ಎಂದು ಹೇಳುವವರಿದ್ದಾರೆ. ನಿಜ ಏನೆಂದರೆ, 1976ರಲ್ಲಿ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಅದನ್ನು ಬರೆದಾಗ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದಕ್ಕೆ ಪ್ರತ್ಯೇಕ ಬಾಣದ ಕೀಲಿಗಳೇ ಇರಲಿಲ್ಲ, ಬಾಣಗಳನ್ನು ಈ ನಾಲ್ಕು ಅಕ್ಷರಗಳ ಮೇಲೆಯೇ ಅಚ್ಚು ಹಾಕಿದ್ದರು. ಅದೇ ಕೀಲಿಮಣೆಯಲ್ಲಿ ‘ಹೋಮ್’ ಎಂಬುದನ್ನು ಅಲೆಯಾಕಾರದ ಟಿಲ್ಡೆ ಚಿಹ್ನೆಯ ಕೀಲಿಯ ಮೇಲೆ ಮುದ್ರಿಸಿದ್ದರು. ಇಂದಿಗೂ ಟರ್ಮಿನಲ್‌ನಲ್ಲಿ ನಿಮ್ಮ ಮನೆ ಫೋಲ್ಡರ್‌ಗೆ ಟಿಲ್ಡೆ ಬಳಸುವುದು ಅದಕ್ಕೇ. ಎಸ್ಕೇಪ್ ಕೀಲಿ ಈಗ ಟ್ಯಾಬ್ ಇರುವಲ್ಲಿತ್ತು, ಕಿರುಬೆರಳಿಗೆ ಎಟುಕುತ್ತಿತ್ತು. ಅಲ್ಲಿಂದ ಅದು ಮೂಲೆಗೆ ಹೋದರೂ ವಿಐ ಭಕ್ತರು ಐದು ದಶಕಗಳಿಂದ ಕೈ ಚಾಚುತ್ತಲೇ ಇದ್ದಾರೆ.

ಅದರ ಮರಿ ‘ವಿಮ್’ ತೆರೆದಾಗ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಜಾಹೀರಾತಲ್ಲ ಅದು. ಅದನ್ನು ಬರೆದ ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೋಲೆನಾರ್ 1994ರಲ್ಲಿ ಉಗಾಂಡದ ಕಿಬಾಲೆಯಲ್ಲಿ ಸ್ವಯಂಸೇವಕರಾಗಿ ದುಡಿದವರು. ತಂತ್ರಾಂಶ ಪುಕ್ಕಟೆ, ಇಷ್ಟವಾದರೆ ಹಣ ಅಲ್ಲಿಗೆ ಕೊಡಿ ಎಂಬುದು ಅವರ ಕರಾರು. 1991ರಲ್ಲಿ ಮೊದಲು ಹೊರಬಂದ ವಿಮ್ ಅನ್ನು 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ನೋಡಿಕೊಂಡರು.

ಎದುರು ಪಾಳಯದ ‘ಈಮ್ಯಾಕ್ಸ್’ ಒಳಗೆ ಒಬ್ಬ ಮನೋವೈದ್ಯ ಕೂತಿದ್ದಾನೆ. ಕರೆದರೆ ಮಾತಾಡುತ್ತಾನೆ, ಟೆಟ್ರಿಸ್ ಆಟವೂ ಉಂಟು. ಪಠ್ಯ ತಿದ್ದುವ ತಂತ್ರಾಂಶಕ್ಕೆ ಇದೆಲ್ಲ ಯಾಕೆ ಎಂದು ಮಾತ್ರ ಕೇಳಬೇಡಿ, ಸಂಜೆಯಾದೀತು.

ಕಟ್, ಕಾಪಿ, ಪೇಸ್ಟ್ ಕೊಟ್ಟವರು ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಲ್ಯಾರಿ ಟೆಸ್ಲರ್. ವಿಐನಂತೆ ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಒಂದು ಕೆಲಸ, ಇನ್ನೊಂದು ಸ್ಥಿತಿಯಲ್ಲಿ ಇನ್ನೊಂದು ಕೆಲಸ ಮಾಡುವುದನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಎಷ್ಟೆಂದರೆ ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೆಯೇ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು.

ನಮ್ಮ ದಿನನಿತ್ಯದ ಸಾಧನಗಳಲ್ಲಿ ಯಾರದೋ ಒಂದು ವಾರಾಂತ್ಯದ ಅವಸರ ಹೇಗೆ ಶಾಸನವಾಗಿ ಕೂತಿದೆ ನೋಡಿ. ‘ಮೇಕ್’ ಎಂಬ ಉಪಕರಣದ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಟ್ಯಾಬ್ ಬದಲು ಖಾಲಿ ಜಾಗ ಬಿಟ್ಟಿರೋ, ಕಣ್ಣಿಗೆ ಏನೂ ವ್ಯತ್ಯಾಸ ಕಾಣದು, ಕೆಲಸ ಮಾತ್ರ ಆಗದು. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಇದನ್ನು ಬರೆದದ್ದು ಒಂದು ವಾರಾಂತ್ಯದಲ್ಲಿ. ಟ್ಯಾಬ್‌ನ ಕಾಟ ಅವರಿಗೂ ಬೇಗನೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಸ್ನೇಹಿತರು ಬಳಸತೊಡಗಿದ್ದರು, ಅವರಿಗೆ ತೊಂದರೆ ಯಾಕೆ ಎಂದು ಬದಲಿಸಲಿಲ್ಲ. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಇಂದು ಲೋಕದ ಪ್ರೋಗ್ರಾಮರುಗಳೆಲ್ಲ ಬೆಲೆ ತೆರುತ್ತಿದ್ದಾರೆ. ಮೇಕ್ ಬರೆದದ್ದಕ್ಕೆ ಫೆಲ್ಡ್‌ಮನ್‌ಗೆ 2003ರಲ್ಲಿ ಎಸಿಎಂ ಪ್ರಶಸ್ತಿ ಬಂತು, ಟ್ಯಾಬ್ ಹಾಗೇ ಇದೆ.

ಹೆಸರಿನ ಮೊದಲಿಗೆ ಚುಕ್ಕಿ ಇಟ್ಟರೆ ಯುನಿಕ್ಸ್‌ನಲ್ಲಿ ಕಡತ ಮರೆಯಾಗುತ್ತದೆ. ಅದು ಯಾರೂ ಯೋಚಿಸಿ ಮಾಡಿದ್ದಲ್ಲ ಎನ್ನುತ್ತಾರೆ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್. ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡೇ ಹೆಸರುಗಳನ್ನು ಪಟ್ಟಿಯಲ್ಲಿ ತೋರಿಸದಿರಲು ಬರೆದ ಸಾಲು ಮೊದಲ ಅಕ್ಷರವನ್ನಷ್ಟೇ ನೋಡಿ ಬಿಟ್ಟುಬಿಡುತ್ತಿತ್ತು. ಸೋಮಾರಿ ಸಾಲು ಸೌಲಭ್ಯವಾಯಿತು.

ವಿಂಡೋಸ್‌ನಲ್ಲಿ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲಾಗದು, ಇದನ್ನು ಕಂಡುಹಿಡಿದದ್ದು ಒಬ್ಬ ಭಾರತೀಯ, ಕಾರಣ ಮೈಕ್ರೋಸಾಫ್ಟ್‌ಗೂ ಗೊತ್ತಿಲ್ಲ ಎಂಬ ಮಿಂಚಂಚೆ ಒಂದು ಕಾಲದಲ್ಲಿ ನಮ್ಮ ಆಫೀಸುಗಳನ್ನೆಲ್ಲ ಸುತ್ತಿತು. ಮಾಡಲಾಗದು ಎಂಬುದು ನಿಜ, ಉಳಿದದ್ದು ಬುರುಡೆ. 1981ರ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಕೀಬೋರ್ಡು ಮತ್ತು ತೆರೆಗೆ ‘ಕಾನ್’, ಪ್ರಿಂಟರ್‌ಗೆ ‘ಪಿಆರ್‌ಎನ್’ ಎಂಬ ಹೆಸರುಗಳು ಎಲ್ಲೆಲ್ಲೂ ಸಲ್ಲುತ್ತಿದ್ದವು. 1983ರಲ್ಲಿ ಫೋಲ್ಡರ್ ಬಂದಾಗ ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಆ ಹೆಸರುಗಳನ್ನು ಎಲ್ಲ ಫೋಲ್ಡರ್‌ಗಳಲ್ಲೂ ಕಾದಿರಿಸಿದರು. ಕಾದಿರಿಸಿದ್ದು ಇನ್ನೂ ತೆರವಾಗಿಲ್ಲ.

ಒಂದು ಸಾಲಿನಲ್ಲಿ 80 ಅಕ್ಷರ ಮೀರಬಾರದೆಂಬ ಪ್ರೋಗ್ರಾಮರುಗಳ ಮಡಿ ಬಂದದ್ದು ಐಬಿಎಂ 1928ರಲ್ಲಿ ತಂದ 80 ಕಾಲಂಗಳ ರಟ್ಟಿನ ಕಾರ್ಡಿನಿಂದ. ಲಿನಕ್ಸ್ ಕರ್ನೆಲ್ ಬರೆಯುವವರು ಇದನ್ನು 100ಕ್ಕೆ ಸಡಿಲಿಸಿದ್ದು 2020ರಲ್ಲಿ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇಲ್ಲದೆ ಈಗ ತಂತ್ರಾಂಶದವರ ದಿನ ಕಳೆಯದು. ಅದಕ್ಕೂ ಮೊದಲು ಲಿನಕ್ಸ್ ಕರ್ನೆಲ್‌ನ ಬದಲಾವಣೆಗಳನ್ನು ಕಾಯುತ್ತಿದ್ದ ಖಾಸಗಿ ತಂತ್ರಾಂಶದ ಉಚಿತ ಪರವಾನಗಿ 2005ರಲ್ಲಿ ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ಗಿಟ್ ಬರೆಯಲು ಕೂತರು. 7ನೇ ತಾರೀಕಿಗೆ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಂತಾಗಿತ್ತು. ಜುಲೈನಲ್ಲಿ ಜುನಿಯೊ ಹಮಾನೊ ಅವರ ಕೈಗೆ ಒಪ್ಪಿಸಿ ತಾವು ಕರ್ನೆಲ್‌ಗೆ ಮರಳಿದರು. ಗಿಟ್‌ನ ಕೀರ್ತಿಯೆಲ್ಲ ಟೊರ್ವಾಲ್ಡ್ಸ್‌ಗೆ ಹೋಗುತ್ತದೆ. ನನ್ನ ಮಟ್ಟಿಗೆ ದೊಡ್ಡವರು ಅಂದಿನಿಂದ ಅದನ್ನು ಸಾಕಿದ ಹಮಾನೊ.

ನಿಮ್ಮ ಫೋನಿನೊಳಗಿರುವ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ಹುಟ್ಟಿದ್ದು ಯುದ್ಧನೌಕೆಗಾಗಿ. ಅಮೆರಿಕದ ನೌಕಾಪಡೆಯ ಹಡಗೊಂದಕ್ಕೆ ರಿಚರ್ಡ್ ಹಿಪ್ ತಂತ್ರಾಂಶ ಬರೆಯುತ್ತಿದ್ದರು. ದತ್ತಾಂಶದ ಸರ್ವರ್ ಮಲಗಿದರೆ ಇವರ ಪ್ರೋಗ್ರಾಂ ಕೂಡ ಕೈಚೆಲ್ಲುತ್ತಿತ್ತು, ಬೈಗುಳ ಇವರಿಗೆ. ಸರ್ವರೇ ಬೇಡದ ದತ್ತಸಂಚಯ ಯಾಕಿರಬಾರದು ಎಂದು 2000ದಲ್ಲಿ ಬರೆದುಬಿಟ್ಟರು. ಹಕ್ಕುಸ್ವಾಮ್ಯವನ್ನೂ ಇಟ್ಟುಕೊಳ್ಳಲಿಲ್ಲ. 2050ರವರೆಗೆ ನೋಡಿಕೊಳ್ಳುವ ಯೋಜನೆ ಅವರ ತಂಡದ್ದು.

ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ ಅವರ, ಜಾಲದ ಮೂಲಕ ದತ್ತಾಂಶ ಸಾಗಿಸುವ ‘ಕರ್ಲ್’ ಶುರುವಾದದ್ದು ಹರಟೆ ಕೋಣೆಯಲ್ಲಿ ಹಣದ ವಿನಿಮಯ ದರ ಹೇಳಲು. ಇಂದು ಅದು ಕಾರು, ಟಿವಿ, ಫೋನುಗಳ ಒಳಗೆಲ್ಲ ಇದೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಹಾರಿದಾಗ ಅದಕ್ಕೆ ನೆರವಾದ ಮುಕ್ತ ತಂತ್ರಾಂಶಗಳ ಪಟ್ಟಿಯಲ್ಲೂ ಇತ್ತು. ಕಾರಿನ ತೆರೆಯಲ್ಲಿ ಪರವಾನಗಿಯ ಜೊತೆ ಅವರ ಇಮೇಲ್ ವಿಳಾಸ ಕಾಣುವುದರಿಂದ, ಕಾರು ಕೆಟ್ಟವರು ರಿಪೇರಿಗೆ ಅವರಿಗೇ ಬರೆಯುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಅರ್ಧ ಸೆಕೆಂಡ್ ತಡವಾದರೆ ನೀವು ಗಮನಿಸುತ್ತೀರಾ? ಪ್ರೋಗ್ರಾಮರ್ ಆಂಡ್ರೆಸ್ ಫ್ರಾಯಿಂಡ್ ಗಮನಿಸಿದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅಷ್ಟು ಹೆಚ್ಚು ಹೊತ್ತು ಯಾಕೆ ಎಂದು ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ‘ಎಕ್ಸ್‌ಜೆಡ್’ ಎಂಬ ಕಡತ ಕುಗ್ಗಿಸುವ ಸಾಧನದಲ್ಲಿ ಕಳ್ಳಬಾಗಿಲು ಇರುವುದನ್ನು ಬಯಲು ಮಾಡಿದರು. ಅದನ್ನಿಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಯವಾಗಿ ಕೆಲಸ ಮಾಡಿ, ದಣಿದಿದ್ದ ಒಬ್ಬಂಟಿ ನಿರ್ವಾಹಕರ ವಿಶ್ವಾಸ ಗಳಿಸಿದ್ದರು. ಪತ್ತೆಯಾಗದಿದ್ದರೆ ಲೋಕದ ಎಷ್ಟೋ ಲಿನಕ್ಸ್ ಸರ್ವರ್‌ಗಳ ಬೀಗದ ಕೈ ಅವರ ಜೇಬಿನಲ್ಲಿರುತ್ತಿತ್ತು.

ಕನ್ನಡಕ್ಕೆ ಬರೋಣ. ನುಡಿ ತಂತ್ರಾಂಶದ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ಬರೆಯುವ ಅಕ್ಷರದ ಆಕಾರವನ್ನು ಬಿಟ್ಟು ಉಚ್ಚರಿಸುವ ಕ್ರಮವನ್ನು ಹಿಡಿದದ್ದು ಅವರ ಜಾಣ್ಮೆ. ‘ಕನ್ನಡ’ ಎಂದು ಬರೆಯಲು ಐದು ಒತ್ತು ಸಾಕು: ಕ, ನ, ಒತ್ತಕ್ಷರ ಕೂಡಿಸುವ ಎಫ್ ಕೀಲಿ, ಮತ್ತೆ ನ, ಡ. ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಕೂಡ ಒಳಗೆ ಇಟ್ಟುಕೊಳ್ಳುವುದು ಇದೇ ಐದನ್ನು, ಇದೇ ಕ್ರಮದಲ್ಲಿ. ತಾವು ಬರೆದ ಕನ್ನಡ ತಂತ್ರಾಂಶಕ್ಕೆ ರಾವ್ ಇಟ್ಟ ಹೆಸರು ‘ಸೇಡಿಯಾಪು’, ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ, ಹಂಚಿದ್ದು ಉಚಿತವಾಗಿ.

ಈ ಐದು ಸಂಕೇತಗಳು ಯುಟಿಎಫ್-8 ಪದ್ಧತಿಯಲ್ಲಿ ತಲಾ ಮೂರು ಬೈಟ್ ತಿನ್ನುತ್ತವೆ, ಒಟ್ಟು 15. ಆ ಪದ್ಧತಿಯನ್ನು ರಾಬ್ ಪೈಕ್ ಮತ್ತು ಯುನಿಕ್ಸ್ ಬರೆದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ರೂಪಿಸಿದ್ದು 1992ರ ಸೆಪ್ಟೆಂಬರಿನ ಒಂದು ರಾತ್ರಿ, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ. ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಅದರಲ್ಲೂ ಒತ್ತು, ದೀರ್ಘ, ಕೊಂಬು ಎಲ್ಲವೂ ಬೇರೆ ಬೇರೆ ಲೆಕ್ಕ. ಬ್ಯಾಂಕಿನವರ ಕನ್ನಡ ಸಂದೇಶಗಳು ತುಂಡು ತುಂಡಾಗಿ ಬರುತ್ತಿದ್ದುದರ ಗುಟ್ಟು ಇದು.

ಕನ್ನಡದ ‘ಕ’ ಕೂಡ ಗೊತ್ತಿಲ್ಲದ ಅಮೆರಿಕದ ಹುಡುಗರಿಗೂ ನಮ್ಮ ‘ಠ’ ಪರಿಚಿತ. ಎರಡು ಠಕಾರಗಳ ನಡುವೆ ಅಡಿಗೆರೆ ಎಳೆದರೆ, ಠ_ಠ, ಹುಬ್ಬು ಗಂಟಿಕ್ಕಿ ದಿಟ್ಟಿಸುವ ಮುಖ! ಅಳುವ ಮುಖ ಬೇಕೆಂದರೆ ಥ_ಥ. ಇನ್ನು ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16ನೇ ಆವೃತ್ತಿಯಲ್ಲಿ. ಅಲ್ಲಿ ಅಕ್ಷರಕ್ಕೆ ನಾಲ್ಕು ಬೈಟ್.

ಇ-ಪುಸ್ತಕ ಓದುವವರ ಅಚ್ಚುಮೆಚ್ಚಿನ ‘ಕ್ಯಾಲಿಬರ್’ ಬರೆದವರು ಭಾರತೀಯ ಕೋವಿದ್ ಗೋಯಲ್. ಕ್ಯಾಲ್‌ಟೆಕ್‌ನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 2006ರಲ್ಲಿ, ಹೊಸದಾಗಿ ಬಂದಿದ್ದ ಸೋನಿ ರೀಡರ್ ಲಿನಕ್ಸ್ ಜೊತೆ ಮಾತಾಡದಿದ್ದುದೇ ಇದರ ನಾಂದಿ. ‘ಕಿಟ್ಟಿ’ ಎಂಬ ಟರ್ಮಿನಲ್ ಕೂಡ ಅವರದೇ.

ಅದೇ ಕೆನ್ ಥಾಂಪ್ಸನ್ ಅವರ ಹಳೆಯ ಪಾಸ್‌ವರ್ಡ್ ದಶಕಗಳ ಕಾಲ ಯಾರಿಗೂ ದಕ್ಕಿರಲಿಲ್ಲ. 2019ರಲ್ಲಿ ಬಲಶಾಲಿ ಗ್ರಾಫಿಕ್ಸ್ ಕಾರ್ಡೊಂದು ನಾಲ್ಕು ದಿನಕ್ಕೂ ಹೆಚ್ಚು ತಿಣುಕಿ ಬಿಡಿಸಿತು. ನೋಡಿದರೆ ಚದುರಂಗದ ಮೊದಲ ನಡೆ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದು! ಕೆನ್ ಸ್ವತಃ ಅಭಿನಂದಿಸಿದರು. ವಿಶ್ವ ಚಾಂಪಿಯನ್ ಆದ ಚದುರಂಗ ಯಂತ್ರ ಕಟ್ಟಿದವರಲ್ಲಿ ಅವರೂ ಒಬ್ಬರೆಂದು ಗೊತ್ತಿದ್ದವರು ಇದನ್ನು ಊಹಿಸಬಹುದಿತ್ತು.

ಕೊನೆಗೆ ನಿದ್ದೆಗೆಟ್ಟವರಿಗೆ. ಲಿನಕ್ಸ್‌ನಲ್ಲಿ ಸಹಾಯದ ಪುಟ ತೆರೆಯುವ ಆಜ್ಞೆ ‘ಮ್ಯಾನ್’. ಏನನ್ನೂ ಹೆಸರಿಸದೆ ಸರಿಯಾಗಿ ರಾತ್ರಿ 12.30ಕ್ಕೆ ಅದನ್ನು ಒತ್ತಿದರೆ ‘ಗಿಮ್ಮಿ ಗಿಮ್ಮಿ ಗಿಮ್ಮಿ’ ಎಂದು ಉತ್ತರ ಬರುತ್ತಿತ್ತು! ನಡುರಾತ್ರಿಯ ನಂತರ ತನಗೊಬ್ಬ ಗಂಡಸು ಬೇಕೆಂಬ ಶೀರ್ಷಿಕೆಯ, ಸ್ವೀಡನ್‌ನ ಆ್ಯಬಾ ತಂಡದ 1979ರ ಹಾಡಿನ ಮೇಲಿನ ಪೋಲಿ ತಮಾಷೆ. ನಿರ್ವಾಹಕ ಕಾಲಿನ್ ವಾಟ್ಸನ್ ಅದನ್ನು ಸೇರಿಸಿದ್ದು 2011ರಲ್ಲಿ. ತಮ್ಮ ಸ್ವಯಂಚಾಲಿತ ಪರೀಕ್ಷೆಗಳು 12.30ಕ್ಕೆ ಮಾತ್ರ ಯಾಕೆ ನಪಾಸಾಗುತ್ತವೆ ಎಂದು ತಲೆ ಕೆರೆದುಕೊಂಡ ಬಳಕೆದಾರರೊಬ್ಬರು 2017ರಲ್ಲಿ ಹಿಡಿದು ಕೇಳಿದರು, ವಾಟ್ಸನ್ ತೆಗೆದುಹಾಕಿದರು. ಉಬುಂಟು 16.04ರ ಹಳೆಯ ಯಂತ್ರ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಇಳಿಸಿ, ಗಡಿಯಾರ ಸರಿಮಾಡಿ, ಇವತ್ತೇ ಒತ್ತಿ ನೋಡಬಹುದು.