ಕಲಾವಿದರಿಗೆ ಬೇಕು ರಂಗಸ್ಥಳ ಬಲ್ಲ ವಕೀಲರು

ತಾಳಮದ್ದಳೆಯಲ್ಲಿ ಅರ್ಥ ಹೇಳುವ ವಕೀಲರು ಕರಾವಳಿಯವರಿಗೆ ಹೊಸಬರೇನಲ್ಲ. ಹಗಲಿಗೆ ಕೋರ್ಟಿನಲ್ಲಿ ಕರಿ ಕೋಟು, ಇರುಳಿಗೆ ವೇದಿಕೆಯಲ್ಲಿ ಕೃಷ್ಣನ ಅರ್ಥ. ಆದರೆ ಅಂಥವರಲ್ಲಿಗೂ ಕಲಾವಿದರು ಹೋಗುವುದು ಜಾಗದ ತಕರಾರಿಗೋ ಬಾಡಿಗೆಯ ಜಗಳಕ್ಕೋ ಹೊರತು, ತಮ್ಮ ಕಲೆಯ ಹಕ್ಕಿನ ಬಗ್ಗೆ ಕೇಳಲು ಹೋಗುವುದು ವಿರಳ. ಕಲೆಯನ್ನು ಒಳಗಿನಿಂದ ಬಲ್ಲ ವಕೀಲರು ಏಕೆ ಬೇಕೆಂಬುದಕ್ಕೆ ನಮ್ಮ ಯಕ್ಷಗಾನದ್ದೇ ಮೊಕದ್ದಮೆಯೊಂದು ಸಾಕ್ಷಿಯಾಗಿದೆ.

ಡಾ. ಕೋಟ ಶಿವರಾಮ ಕಾರಂತರು ರಾಗ, ತಾಳ, ವೇಷಭೂಷಣ, ರಂಗಸಜ್ಜಿಕೆಗಳಲ್ಲಿ ಮಾರ್ಪಾಡು ಮಾಡಿ 'ಯಕ್ಷರಂಗ' ಎಂಬ ಹೊಸ ರೂಪ ಕಟ್ಟಿದ್ದು ಎಲ್ಲರಿಗೂ ತಿಳಿದದ್ದೇ. ಅವರು 1994ರಲ್ಲಿ ಉಯಿಲು ಬರೆದು, 1997ರ ಡಿಸೆಂಬರಿನಲ್ಲಿ ನಿಧನರಾದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಪ್ರದರ್ಶಿಸಿದಾಗ, ಉಯಿಲಿನ ಮೂಲಕ ಹಕ್ಕು ಪಡೆದ ಬಿ. ಮಾಲಿನಿ ಮಲ್ಯ ಅವರು ತಮ್ಮ ಅನುಮತಿ ಪಡೆದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಕಾರಂತರು ಈ ರೂಪವನ್ನು ಕಟ್ಟಿದ್ದು ತನ್ನ ಕೇಂದ್ರದಲ್ಲಿ, ತನ್ನ ಹಣಕಾಸಿನ ನೆರವಿನಿಂದ ಎಂಬುದು ಅಕಾಡೆಮಿಯ ವಾದವಾಗಿತ್ತು.

ಇಲ್ಲಿ ಕಾನೂನಿನ ಪುಸ್ತಕವೊಂದೇ ಸಾಲದು. ಪ್ರಸಂಗದ ಪದ್ಯ ಸಾಹಿತ್ಯವೋ ನಾಟಕವೋ? ಪರಂಪರೆಯಿಂದ ಬಂದದ್ದು ಎಷ್ಟು, ಒಬ್ಬರು ಹೊಸದಾಗಿ ಸೇರಿಸಿದ್ದು ಎಷ್ಟು? ಭಾಗವತಿಕೆ ಎಂದರೇನು, ಕುಣಿತದ ಕ್ರಮವೇನು ಎಂದು ಮೊದಲಿನಿಂದ ಹೇಳಿಸಿಕೊಳ್ಳಬೇಕಾದ ವಕೀಲರಿಗೂ, ಗೆಜ್ಜೆ ಕಟ್ಟಿ ಬೆವರಿದ ವಕೀಲರಿಗೂ ಇರುವ ಅಂತರ ಇಂಥಲ್ಲೇ ಕಾಣುವುದು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಮಾಲಿನಿ ಮಲ್ಯ ಅವರದೆಂಬುದನ್ನು ಎತ್ತಿಹಿಡಿಯಿತು. ಜೊತೆಗೆ, ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳ ಮಿತಿಯಲ್ಲಿ ಪ್ರದರ್ಶನ ನಡೆದರೆ ತಡೆಯಾಜ್ಞೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು.

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ಗಮನಿಸಬೇಕಾದುದು ಈ ವಿನಾಯಿತಿಯನ್ನೇ. ಹವ್ಯಾಸಿ ತಂಡವೊಂದು ಪ್ರೇಕ್ಷಕರಿಂದ ಹಣ ಪಡೆಯದೆ ನಾಟಕವಾಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ರಕ್ಷಣೆ ನೀಡುತ್ತದೆ. ಟಿಕೇಟು ಇಟ್ಟರೆ ಮಾತು ಬೇರೆ. ಪ್ರವೇಶ ಉಚಿತವೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿ 'ಡೋನರ್ ಪಾಸ್' ಮಾರುವ ರೂಢಿ ನಮ್ಮಲ್ಲಿದೆ. ಅದು ಯಾವ ಕಡೆಗೆ ಬೀಳುತ್ತದೆಂದು ಹಾಲ್ ಬುಕ್ ಮಾಡುವ ಮೊದಲೇ ತಿಳಿದವರನ್ನು ಕೇಳುವುದು ಲೇಸು. ಲೇಖಕರು ತೀರಿಕೊಂಡಿದ್ದಾರೆ, ಇನ್ನು ಕೇಳುವುದು ಯಾರನ್ನು ಎಂಬ ಸಮಾಧಾನವೂ ನಿಲ್ಲದು. ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರ ಕೃತಿಗಳಿಗೆ ಅದು 2057ರ ಕೊನೆಯವರೆಗೆ.

ಕಲಾವಿದರ ಪಾಡೂ ಅಷ್ಟೆ. ರಾತ್ರಿಯಿಡೀ ಕುಣಿದವರಿಗೆ ಸಂಭಾವನೆಯ ಕವರು, ಒಂದು ಶಾಲು, ಹಣ್ಣು-ಹಂಪಲು. ಆಟದ ವೀಡಿಯೋ ಮಾತ್ರ ಯೂಟ್ಯೂಬಿನಲ್ಲಿ ಇನ್ನಾರದೋ ಹೆಸರಿನಲ್ಲಿ ಓಡುತ್ತಿರುತ್ತದೆ. ಪ್ರದರ್ಶಕ ಕಲಾವಿದರಿಗೆ 1994ರ ತಿದ್ದುಪಡಿ ಹಕ್ಕು ಕೊಟ್ಟಿತು, 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿತು. ಹಾಗೆಯೇ, ಕೃತಿಯ ಹಕ್ಕಿನ ಹಸ್ತಾಂತರ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ 5 ವರ್ಷ ಎಂದೂ, ಯಾವ ಪ್ರದೇಶಕ್ಕೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ತಿಳಿಯುತ್ತದೆ. ಇಷ್ಟು ತಿಳಿದಿದ್ದರೂ ಎಷ್ಟೋ ಕವಿಗಳು, ಭಾಗವತರು ಕ್ಯಾಸೆಟ್ ಕಾಲದಲ್ಲಿ ಕಳಕೊಂಡದ್ದು ಉಳಿಯುತ್ತಿತ್ತು. ಆದರೆ ಪರಿಚಯಸ್ಥರಲ್ಲಿ ಕರಾರು ಪತ್ರ ಕೇಳುವುದೆಂದರೆ ನಮ್ಮವರಿಗೆ ಸಂಕೋಚ, ಕೇಳಿಸಿಕೊಂಡವರಿಗೆ ಮುನಿಸು.

ಜಗಳವಾದ ಮೇಲೆ ಹೋದರೆ ಗೆಲುವೂ ತಡವಾಗಿಯೇ ಬರುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಅಳಿದುಳಿದ ಭಾಗಗಳನ್ನು ಹಿಂತಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಹೈಕೋರ್ಟ್ ತೀರ್ಪಿತ್ತದ್ದು 2005ರಲ್ಲಿ.

ನ್ಯೂಯಾರ್ಕಿನಲ್ಲಿ ಕಲಾವಿದರಿಗಾಗಿಯೇ ಸ್ವಯಂಸೇವಕ ವಕೀಲರ ಸಂಸ್ಥೆಯೊಂದು 1969ರಲ್ಲೇ ಹುಟ್ಟಿಕೊಂಡಿತು. ಮುಂಬಯಿಯ ತುಳು-ಕನ್ನಡಿಗರಲ್ಲಿ ವಕೀಲರಿಗೂ ಕೊರತೆಯಿಲ್ಲ, ಬಣ್ಣ ಹಚ್ಚಿದವರಿಗೂ ಕೊರತೆಯಿಲ್ಲ. ಎರಡೂ ಆಗಿರುವವರು ತಿಂಗಳಿಗೊಂದು ಭಾನುವಾರ ಯಾವುದಾದರೂ ಸಂಘದ ಕಚೇರಿಯಲ್ಲಿ ಎರಡು ಗಂಟೆ ಕುಳಿತು ತಂಡಗಳ ಕರಾರು ಪತ್ರ ನೋಡಿಕೊಟ್ಟರೆ, ಅದಕ್ಕೆ ಬೇಕಾಗುವುದು ಒಂದು ಮೇಜು, ನಾಲ್ಕು ಕುರ್ಚಿ.